ಜೋಧ್‌ಪುರದಲ್ಲಿ ಮನೆ ಕಟ್ಟಿಸ್ತಿದ್ದೀನಿ: ಕಲ್ಲಿನ ಪಟ್ಟಿಯೋ, ಆರ್‌ಸಿಸಿಯೋ? ಅನುಭವಸ್ಥರು ಹೇಳಿ

ಮರಳಲ್ಲಿ ಹಾಸನ · ಮಾರ್ಚ್ 9, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರೋದು ಬಹಳ ದಿನದಿಂದ, ಬರೀತಿರೋದು ಇದೇ ಮೊದಲು. ಊರು ಹಾಸನ. 14 ವರ್ಷದ ಹಿಂದೆ ಸೋಲಾರ್ ಕೆಲಸಕ್ಕೆ ಅಂತ ಜೋಧ್‌ಪುರಕ್ಕೆ ಬಂದೆ, ಇಲ್ಲೇ ಮದುವೆಯಾಗಿ ಉಳಿದೆ. ಊರಾಚೆ 40–60 ಸೈಟು ಇದೆ. ರಸ್ತೆ ಇರೋದು ಪಶ್ಚಿಮಕ್ಕೆ. ಮುಂಗಾರು ಮುಗಿದ ಮೇಲೆ ಪಾಯ ಹಾಕೋ ಯೋಚನೆ.

ಆರ್ಕಿಟೆಕ್ಟ್ ಒಬ್ಬರು ಪ್ಲಾನ್ ಕೊಟ್ಟಿದ್ದಾರೆ. ಮುಂದುಗಡೆ ಎರಡು ಅಂತಸ್ತಿನ ಎತ್ತರಕ್ಕೆ ಗಾಜು, ಅದರ ಮುಂದೆ ಅಚ್ಚು ಹೊಯ್ದ ಸಿಮೆಂಟ್ ಜಾಲಿ, ಮೇಲೊಂದು ಛತ್ರಿ, ಅಂದ್ರೆ ಕಂಬಗಳ ಮೇಲೆ ಗುಮ್ಮಟ ಇರೋ ಸಣ್ಣ ಮಂಟಪ. "ರಾಜಸ್ಥಾನಿ ಟಚ್" ಅಂತೆ. ಗೋಡೆ 6 ಇಂಚಿನ ಬ್ಲಾಕು, ಮೇಲೆ ಮಾಮೂಲಿ ಸ್ಲ್ಯಾಬು, ಐದು ಎಸಿ. ನನ್ನ ಹೆಂಡತಿಯ ಅಜ್ಜಿ, ದಾದಿಸಾ ಅಂತ ಕರೀತೀವಿ, ನಕ್ಷೆಯನ್ನ ಮಂಚದ ಮೇಲೆ ಹರಡಿಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು. "ಈ ಮನೇಲಿ ಮಧ್ಯಾಹ್ನ ಎಲ್ಲಿ ಕೂರೋದು?"

ಆರ್ಕಿಟೆಕ್ಟ್ ಹತ್ರ ಉತ್ತರ ಇರಲಿಲ್ಲ. ನನ್ನ ಹತ್ರನೂ ಇರಲಿಲ್ಲ.

ಹಳೇ ಪೇಟೆಯ ಅವರ ಮನೇಲಿ ನಾನು ಎರಡು ಬೇಸಿಗೆ ಕಳೆದಿದ್ದೀನಿ. ಮೊಳಕ್ಕಿಂತ ದಪ್ಪ ಕಲ್ಲುಗೋಡೆ, ನಡುವೆ ಚೌಕ್. ನಮ್ಮ ಕಡೆ ತೊಟ್ಟಿ ಮನೆ ಇದ್ದ ಹಾಗೇ ಅಂದ್ಕೊಳ್ಳಿ, ಆದರೆ ನಮ್ಮ ತೊಟ್ಟಿ ಮಳೆಯನ್ನ ಒಳಗೆ ಕರೆಯುತ್ತೆ, ಇದು ಬಿಸಿಲನ್ನ ಹೊರಗೆ ನಿಲ್ಲಿಸುತ್ತೆ. ಬಾವಿ ಥರ ಕಿರಿದು, ಎತ್ತರ. ಬೆಳಗ್ಗೆ ಎಲ್ಲರೂ ಚೌಕಲ್ಲಿ, ಮಧ್ಯಾಹ್ನ ಒಳಕೋಣೆಯಲ್ಲಿ, ಸಂಜೆ ಜಗುಲಿ, ರಾತ್ರಿ ಛತ್ ಮೇಲೆ, ಅಂದ್ರೆ ತಾರಸಿ ಮೇಲೆ. ದಿನಾ ಮನೆಯೊಳಗೇ ಗುಳೆ.

ನನ್ನ ಪ್ರಶ್ನೆಗಳು: ಛಾವಣಿಗೆ ಇಲ್ಲಿನ ಕಲ್ಲಿನ ಪಟ್ಟಿ (ಉದ್ದುದ್ದ ಕಲ್ಲು ಚಪ್ಪಡಿ) ಹಾಕಿಸಲೋ, ಆರ್‌ಸಿಸಿಯೋ? ಗೋಡೆ ಎಷ್ಟು ದಪ್ಪ? ಕೆಳಗೆ ತೆಹಖಾನಾ, ಅಂದ್ರೆ ನೆಲಮಾಳಿಗೆ, ಮಾಡಿಸಬಹುದಾ? ಗಾಳಿಗೋಪುರ, ಅಂದ್ರೆ ಮೇಲಿನ ಗಾಳಿ ಹಿಡಿದು ಮನೆಯೊಳಗೆ ಇಳಿಸೋ ಗೋಪುರ, ಮಾಡಿಸಿದರೆ ಎಸಿ ಬಿಡಬಹುದಾ?

---

ಸೇಡಂ ರೋಡ್ · ಮಾರ್ಚ್ 9, ರಾತ್ರಿ 11:20

ಸರ, ನಾ ಕಲಬುರಗಿ ಕಡಿ ಕಾಂಟ್ರ್ಯಾಕ್ಟರ್. ನಮ್ ಕಡಿನೂ ಬ್ಯಾಸಗ್ಯಾಗ 43–44 ಆಗ್ತದ. ನಮ್ಮ ಮುತ್ಯಾನ ಮಾಳಗಿ ಮನಿ ಗ್ವಾಡಿ ಎರಡೂವರಿ ಫೂಟ್ ದಪ್ಪ ಇತ್ತು, ಮ್ಯಾಗ ಮಣ್ಣ. ಒಳಗ ಕುಂತ್ರ ಹೊರಗ ಬಿಸಲದ ಅಂತ ಖಬರೇ ಇರ್ತಿದ್ದಿಲ್ಲ. ಖರೇ, ಆದ್ರ 40–60 ಸೈಟಿನ್ಯಾಗ ಎಲ್ಲಾ ಕಡಿ ಎರಡು ಫೂಟ್ ಗ್ವಾಡಿ ಹಾಕಿದ್ರ ನೀವು ಗ್ವಾಡ್ಯಾಗೇ ಇರಬೇಕಾಗ್ತದ, ಖೋಲಿ ಉಳಿಯಂಗಿಲ್ಲ. ಲೆಕ್ಕಾ ಹಾಕ್ರಿ. ಪಡುವಣ ಗ್ವಾಡಿ ಒಂದು ದಪ್ಪ ಮಾಡ್ರಿ, ಉಳದದ್ದು 9 ಇಂಚ್ ಸಾಕು.

ಮತ್ತ ಆ ಗಾಜು ಮೊದಲು ತಗಸ್ರಿ. ಪಡುವಣಕ್ಕ ಗಾಜು ಹಾಕಿದಾಂವಗ ಮೇ ತಿಂಗಳದಾಗ ಅಲ್ಲೇ ಕುಂದ್ರಸಬೇಕು.

---

ಕಂಬ ತೊಲೆ · ಮಾರ್ಚ್ 10, ಬೆಳಗ್ಗೆ 6:55

ಸ್ಟ್ರಕ್ಚರಲ್ ಎಂಜಿನಿಯರ್, ಬೆಂಗಳೂರು. ನಿಮ್ಮ ದಾದಿಸಾ ಕೇಳಿದ ಪ್ರಶ್ನೆಯನ್ನು ನಮ್ಮ ಕಾಲೇಜಿನಲ್ಲಿ ಯಾರೂ ಕೇಳಿಸಿರಲಿಲ್ಲ, ಅವರಿಗೊಂದು ನಮಸ್ಕಾರ ಹೇಳಿ.

ದಪ್ಪ ಗೋಡೆ ತಂಪು ಅನ್ನೋದು ಅರ್ಧ ಸತ್ಯ. ಗೋಡೆ ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತಡಮಾಡುತ್ತದೆ. 6 ಇಂಚಿನ ಬರೀ ಸ್ಲ್ಯಾಬ್ ಮೇಲೆ ಬಿದ್ದ ಬಿಸಿ ಒಳಗೆ ಇಳಿಯಲು ನಾಲ್ಕೈದು ಗಂಟೆ ಸಾಕು. ನಡು ಮಧ್ಯಾಹ್ನದ ಬಿಸಿಲು ಸಂಜೆ ಆರಕ್ಕೆ ನಿಮ್ಮ ತಲೆ ಮೇಲೆ. ಒಂದೂವರೆ ಅಡಿಯ ಕಲ್ಲುಗೋಡೆಯಲ್ಲಾದರೆ ಅದೇ ಬಿಸಿಗೆ ಸುಮಾರು 10–12 ಗಂಟೆ ಬೇಕು. ಅಂದರೆ ಮಧ್ಯಾಹ್ನದ ಶಾಖ ಒಳಕೋಣೆಗೆ ತಲುಪುವುದು ಮಧ್ಯರಾತ್ರಿಗೆ. ಆಗ ಮನೆಯವರೆಲ್ಲ ಎಲ್ಲಿರುತ್ತಿದ್ದರು? ಛತ್ ಮೇಲೆ! ಗೋಡೆಯ ದಪ್ಪಕ್ಕೂ ಛತ್ ಮೇಲೆ ಹಾಸಿಗೆ ಹಾಸುವುದಕ್ಕೂ ಸಂಬಂಧ ಇದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಹಾಗಾಗಿ ಮೊದಲು ನನ್ನ ಪ್ರಶ್ನೆ: ನೀವು ರಾತ್ರಿ ಎಲ್ಲಿ ಮಲಗುತ್ತೀರಿ?

---

ಮರಳಲ್ಲಿ ಹಾಸನ · ಮಾರ್ಚ್ 10, ಮಧ್ಯಾಹ್ನ 1:15

ಅಕ್ಕಾ, ಈ ಪ್ರಶ್ನೆಗೆ ಮನೇಲಿ ಅರ್ಧ ಗಂಟೆ ಜಗಳ ಆಯ್ತು. ದಾದಿಸಾ ಈಗಲೂ ಛತ್ ಮೇಲೇ. ಸಾಯಂಕಾಲ ಎರಡು ಬಕೆಟ್ ನೀರು ಚಿಮುಕಿಸಿ, ಕಲ್ಲು ಉಸ್ಸಂತ ಆರಿದ ಮೇಲೆ ಹಗ್ಗದ ಮಂಚ ಹಾಕ್ತಾರೆ. ನಾವಿಬ್ಬರು, ಮಕ್ಕಳು ಒಳಗೆ. ಸೊಳ್ಳೆ ಒಂದು ಕಡೆ, ಪಕ್ಕದ ಮನೆಯವರದು ನಾಲ್ಕು ಅಂತಸ್ತು, ಮೇಲಿಂದ ಎಲ್ಲ ಕಾಣುತ್ತೆ. ನಿಜ ಹೇಳಬೇಕಂದ್ರೆ ನಾವು ಮಲಗೋದು ಎಸಿ ಇರೋ ರೂಮಲ್ಲಿ.

---

ಕಂಬ ತೊಲೆ · ಮಾರ್ಚ್ 10, ರಾತ್ರಿ 9:30

ಹಾಗಾದರೆ ಇಡೀ ಮನೆಗೆ ಒಂದೇ ಗೋಡೆ ಬೇಡ. ಹಗಲಿನ ಕೋಣೆ ಕೆಳಗೆ, ಕಲ್ಲಿನದು, ದಪ್ಪ, ಉತ್ತರಕ್ಕೋ ಪೂರ್ವಕ್ಕೋ. ಮಲಗುವ ಕೋಣೆ ಮೇಲೆ, ಹಗುರ ಗೋಡೆ: ಟೊಳ್ಳು ಬಿಟ್ಟು ಕಟ್ಟಿದ ಇಟ್ಟಿಗೆ ಅಥವಾ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕು. ಶಾಖ ಕೂಡಿಡದ ಗೋಡೆ ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತದೆ, ಎಸಿ ಹಾಕಿದರೂ ಕಡಿಮೆ ಹೊತ್ತು ಓಡುತ್ತದೆ. ಪಶ್ಚಿಮದ ರಸ್ತೆ ಬದಿಗೆ ಮೆಟ್ಟಿಲು, ಸ್ನಾನದ ಮನೆ, ಸ್ಟೋರು ತಳ್ಳಿ. ಬಿಸಿಲು ಬೇಕಾದರೆ ಅವುಗಳ ಮೇಲೆ ಬೀಳಲಿ.

ಛಾವಣಿ: ಕಲ್ಲಿನ ಪಟ್ಟಿ ಧಾರಾಳವಾಗಿ ಹಾಕಿಸಿ, ಕಬ್ಬಿಣ ಉಳಿಯುತ್ತದೆ. ಆದರೆ ಪಟ್ಟಿಗಳು ಬರೀ ಗೋಡೆಯ ಮೇಲೆ ಕೂತಿರುತ್ತವೆ, ಒಂದಕ್ಕೊಂದು ಹಿಡಿತ ಇರುವುದಿಲ್ಲ. ಭೂಮಿ ಅಲುಗಿದರೆ ಜಾರುತ್ತವೆ. ಲಿಂಟಲ್ ಮಟ್ಟದಲ್ಲಿ, ಛಾವಣಿ ಮಟ್ಟದಲ್ಲಿ ಸುತ್ತ ಆರ್‌ಸಿಸಿ ಬ್ಯಾಂಡ್ ಹಾಕಿಸಿ, ಪಟ್ಟಿ ಮೇಲೆ ಮೆಶ್ ಇಟ್ಟು ತೆಳು ಕಾಂಕ್ರೀಟ್ ಹೊಯ್ದು ಆ ಬ್ಯಾಂಡಿಗೆ ಕಟ್ಟಿಸಿ. ಹೊಸ ತಂತ್ರಕ್ಕೂ ಹಳೇ ತಂತ್ರಕ್ಕೂ ನಿಜವಾದ ಬೆಸುಗೆ ಬೇಕಾಗಿರುವುದು ಇಲ್ಲಿ, ಮುಂಬಾಗಿಲ ಛತ್ರಿಯಲ್ಲಲ್ಲ.

ಅದರ ಮೇಲೆ ಶಾಖ ತಡೆ ಇರಲೇಬೇಕು. 2018ರ ಇಕೋ ನಿವಾಸ್ ಸಂಹಿತೆ (ವಾಸದ ಮನೆಗಳಿಗಾಗಿ ಕೇಂದ್ರ ಸರ್ಕಾರದ ಇಂಧನ ಉಳಿತಾಯ ಸಂಹಿತೆ) ಛಾವಣಿಯ ಯು ಮೌಲ್ಯ, ಅಂದರೆ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, 1.2 ಮೀರಬಾರದು ಅನ್ನುತ್ತದೆ. ಬರೀ ಸ್ಲ್ಯಾಬಿನದು ಅದರ ಎರಡರಷ್ಟಕ್ಕೂ ಹೆಚ್ಚು. ಜೈಪುರದ ಪರ್ಲ್ ಅಕಾಡೆಮಿಯಲ್ಲಿ (2008, ಮಾರ್ಫೋಜೆನೆಸಿಸ್ ವಿನ್ಯಾಸ) ಮಡಕೆಗಳನ್ನು ಬೋರಲು ಹಾಕಿ ಛಾವಣಿಗೆ ಪದರ ಮಾಡಿದ್ದಾರೆ. ಒಳಗೆ ಸಿಕ್ಕಿಕೊಂಡ ಗಾಳಿಯೇ ತಡೆ. ಚೆಂದ, ಕುಂಬಾರರಿಗೂ ಕೆಲಸ. ಆದರೆ ಅಷ್ಟೇ ದಪ್ಪದ ಫೋಮ್ ಹಲಗೆ ಮಡಕೆಗಿಂತ ಹೆಚ್ಚು ಶಾಖ ತಡೆಯುತ್ತದೆ ಅನ್ನುವುದನ್ನೂ ತಿಳಿದೇ ಆಯ್ಕೆ ಮಾಡಿ. ಯಾವುದೇ ಹಾಕಿದರೂ ಮೇಲ್ಮೈ ಬಿಳಿ ಇರಲಿ.

---

ಉಡುಪಿ ಟು ದುಬೈ · ಮಾರ್ಚ್ 11, ಸಂಜೆ 5:05

ಗಾಳಿಗೋಪುರದ ಬಗ್ಗೆ ನಾನೆರಡು ಮಾತು ಹೇಳ್ತೇನೆ ಮಾರಾಯ್ರೆ, ದಿನಾ ನೋಡುವುದಲ್ವಾ. ಇಲ್ಲಿ ಅಲ್ ಫಹೀದಿ ಅಂತ ಹಳೇ ಪೇಟೆ ಉಂಟು. 19ನೇ ಶತಮಾನದ ಕೊನೆಗೆ ಪರ್ಷಿಯಾದ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಹವಳದ ಕಲ್ಲಿಂದ ಕಟ್ಟಿಸಿದ್ದು. ಮನೆ ಮೇಲೆ ಚೌಕ ಗೋಪುರ, ಬರ್ಜೀಲ್ ಅಂತಾರೆ. ಗಾಳಿ ಯಾವ ಕಡೆಯಿಂದ ಬಂದ್ರೂ ಹಿಡಿದು ಕೆಳಗೆ ತಳ್ಳುವುದು. ಅಡಿಯಲ್ಲಿ ನಿಂತ್ರೆ ಬೆವರು ಆರುವುದು ಹೌದು. ಆದ್ರೆ ಆಗಸ್ಟಲ್ಲಿ ನಿಂತು ನೋಡಿ, ನಮ್ಮ ಮಲ್ಪೆಯ ಸೆಕೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಸಮುದ್ರದ ತೇವ. ಬೀಸುವ ಗಾಳಿಯೇ ಬಿಸಿ ಇದ್ರೆ ಗೋಪುರ ಎಂತ ಮಾಡ್ತದೆ ಪಾಪ.

ಅಬುಧಾಬಿಯ ಮಸ್ದರ್ ನಗರದಲ್ಲಿ 45 ಮೀಟರ್ ಎತ್ತರದ ಉಕ್ಕಿನ ಗೋಪುರ ಮಾಡಿದ್ದಾರೆ, ನೀರಿನ ಹನಿ ಸಿಂಪಡಿಸುವ ವ್ಯವಸ್ಥೆ ಸಮೇತ. ನನಗೆ ಅಲ್ಲಿ ಹಿಡಿಸಿದ್ದು ಗೋಪುರ ಅಲ್ಲ, ಓಣಿಗಳು. ಕಿರಿದು, ನೆರಳು. ನೆರಳಿಗೆ ಕರೆಂಟು ಬೇಡ ನೋಡಿ.

---

ಬೀದರ ಕೋಟಿ · ಮಾರ್ಚ್ 11, ರಾತ್ರಿ 8:12

ಇರಾನಿನ ಯಜ್ದ್‌ದಾಗ ದೌಲತಾಬಾದ್ ತೋಟದ ಬಾದಗೀರ್, ಅಂದ್ರ ಗಾಳಿಗೋಪುರ, 33 ಮೀಟರ್ ಮ್ಯಾಲದ. ಅಲ್ಲಿ ಬರೇ ಗಾಳಿ ಇಳಿಸಾದಲ್ರಿ, ಕೆಳಗ ಕನಾತ್ (ನೆಲದಡಿ ಸುರಂಗ ಕಾಲುವಿ) ನೀರು, ಕೊಳ ಇರ್ತದ, ಗಾಳಿ ಅದರ ಮ್ಯಾಲಿಂದ ಹಾದು ಬರ್ತದ. ಅದೇ ಕನಾತ್ ವಿದ್ಯಾ ಬಹಮನಿ ಸುಲ್ತಾನರ ಕಾಲಕ್ಕ ನಮ್ ಬೀದರಕ್ಕ ಬಂತು. ನೌಬಾದ್ ಕಡಿ ಬಂದ್ರ ನೋಡ್ರಿ, ಸುರಂಗ ಬಾವಿ, ನಾವು ಕಾರೇಜ್ ಅಂತೀವಿ. ಜಂಬಿಟ್ಟಿಗಿ ಕೊರದು ಮಾಡ್ಯಾರ. ಬಾದಗೀರ್ ಮಾತ್ರ ಬರಲಿಲ್ಲ, ನೀರಿನ ದಾರಿ ಬಂತು. ಯಾವುದು ಬೇಕೋ ಅದು ತಗೊಂಡ್ರು.

---

ವೈಟ್‌ಫೀಲ್ಡ್ ವಾಸಿ · ಮಾರ್ಚ್ 12, ಬೆಳಗ್ಗೆ 10:01

ಸ್ವಲ್ಪ ದಾರಿ ತಪ್ಪಿಸ್ತಿದ್ದೀನಿ, ಕ್ಷಮಿಸಿ. ಜಾಲಿ ತೂತಿನಲ್ಲಿ ಗಾಳಿ ಹಾದರೆ ತಾನಾಗೇ ತಂಪಾಗುತ್ತೆ ಅಂತ ವಾಟ್ಸಾಪಲ್ಲಿ ಒಂದು ವಿಡಿಯೋ ಬಂದಿತ್ತು. ನಮ್ಮ ಫ್ಲ್ಯಾಟಿನ ಪಶ್ಚಿಮದ ಬಾಲ್ಕನಿಗೆ ಹಾಕಿಸಿದರೆ ಎಸಿ ಬೇಡವಾ?

---

ಕಂಬ ತೊಲೆ · ಮಾರ್ಚ್ 12, ಬೆಳಗ್ಗೆ 11:40

ಇಲ್ಲ. ತೂತಿನಲ್ಲಿ ಹಾದ ಮಾತ್ರಕ್ಕೆ ಗಾಳಿ ತಂಪಾಗುವುದಿಲ್ಲ. ವೇಗ ಸ್ವಲ್ಪ ಹೆಚ್ಚಬಹುದು, ಮೈಗೆ ಹಿತ ಅನಿಸಬಹುದು, ಅಷ್ಟೇ. ಜಾಲಿಯ ನಿಜವಾದ ಕೆಲಸ ನೆರಳು. ಕಲ್ಲಿನ ದಪ್ಪ 2 ಇಂಚು, ತೂತಿನ ಎತ್ತರವೂ 2 ಇಂಚು ಇದ್ದರೆ, ಎದುರಿಗಿರುವ ಸೂರ್ಯ 45 ಡಿಗ್ರಿಗಿಂತ ಮೇಲಿರುವಾಗ ನೇರ ಬಿಸಿಲು ಒಳಗೆ ಬರುವುದೇ ಇಲ್ಲ. ಸೂರ್ಯ ಕೆಳಗಿಳಿದ ಮೇಲೆ ಬರುತ್ತದೆ. ಪಶ್ಚಿಮದಲ್ಲಿ ನಾಲ್ಕೂವರೆಯ ನಂತರದ ಬಿಸಿಲು ಬೇಡ ಅಂದರೆ ತೂತು ಇನ್ನೂ ಸಣ್ಣದಾಗಬೇಕು, ಕಲ್ಲು ದಪ್ಪ ಆಗಬೇಕು. ಮಾರುಕಟ್ಟೆಯಲ್ಲಿ ಸಿಗುವ ಮುಕ್ಕಾಲು ಇಂಚಿನ ಸಿಮೆಂಟ್ ಹಾಳೆಗೆ ಅಂಗೈಯಗಲ ಹೂವು ಕತ್ತರಿಸಿದ್ದು ಜಾಲಿಯಲ್ಲ, ರಂಗೋಲಿ.

ಪರ್ಲ್ ಅಕಾಡೆಮಿಯಲ್ಲಿ ಜಾಲಿಯನ್ನು ಗೋಡೆಗೆ ಅಂಟಿಸಿಲ್ಲ, ಸುಮಾರು 4 ಅಡಿ ದೂರ ನಿಲ್ಲಿಸಿದ್ದಾರೆ. ಬಿಸಿಲು ಜಾಲಿಯನ್ನು ಕಾಯಿಸುತ್ತದೆ, ಗೋಡೆಯನ್ನಲ್ಲ.

---

ಸೇಡಂ ರೋಡ್ · ಮಾರ್ಚ್ 12, ಮಧ್ಯಾಹ್ನ 12:18

ನಾ ಮೊದಲ ಸಲ ಓದಿದಾಗ ಮನಿ ಮುಂದ ಬಳ್ಳಾರಿ ಜಾಲಿ ಹಚ್ತಾರಂತ ತಿಳಕೊಂಡಿದ್ದೆ 😄

---

ಮರಳಲ್ಲಿ ಹಾಸನ · ಮಾರ್ಚ್ 12, ರಾತ್ರಿ 10:20

ಅಣ್ಣಾ, ಅದೂ ಇಲ್ಲಿ ಬೇಕಾದಷ್ಟಿದೆ, ಯಾರೂ ಹಚ್ಚೋದು ಬೇಡ!

ಬೇಲೂರು ಪಕ್ಕದಲ್ಲೇ ಬೆಳೆದೋನು ನಾನು, ಜಾಲಂಧ್ರ ಅನ್ನೋ ಪದ ಮರೆತೇ ಹೋಗಿತ್ತು. ಚೆನ್ನಕೇಶವ ದೇವಸ್ಥಾನದ ಒಳಗೆ ಆ ಕಲ್ಲಿನ ಜಾಲಂಧ್ರದ ಹಿಂದೆ ನಿಂತರೆ ಕಣ್ಣು ಹೊಂದಿಕೊಳ್ಳೋಕೆ ಒಂದು ನಿಮಿಷ ಬೇಕು. ಆ ಕತ್ತಲೆಯೇ ತಂಪು ಅಂತ ಈಗ ಅರ್ಥ ಆಗ್ತಿದೆ.

ಹೋದ ವಾರ ಜೈಸಲ್ಮೇರ್ ಕಡೆ ಸೈಟ್ ವಿಸಿಟ್ ಇತ್ತು. ಕಾನೋಯಿ ಹಳ್ಳಿಯಲ್ಲಿ ರಾಜಕುಮಾರಿ ರತ್ನಾವತಿ ಹೆಣ್ಣುಮಕ್ಕಳ ಶಾಲೆ ಇದೆ, ಡಯಾನಾ ಕೆಲಾಗ್ ಅನ್ನೋ ಅಮೆರಿಕದ ವಾಸ್ತುಶಿಲ್ಪಿ ಮಾಡಿದ್ದು, 2021ರ ಹೊತ್ತಿಗೆ ಶುರುವಾಯಿತು. ಹೊರಗಿಂದ ನೋಡ್ಕೊಂಡು ಬಂದೆ. ಮೊಟ್ಟೆ ಆಕಾರ, ಅಲ್ಲಿನದೇ ಹಳದಿ ಕಲ್ಲು, ಊರಿನ ಕಲ್ಲುಕುಟಿಗರದೇ ಕೈಕೆಲಸ. ಛಾವಣಿ ಮೇಲೆ ಸೋಲಾರ್ ಚಪ್ಪರ. ಎಸಿ ಇಲ್ಲ. ನಾನು ಸೋಲಾರ್‌ನವನಾದ್ದರಿಂದ ಮೊದಲು ಕಣ್ಣಿಗೆ ಬಿದ್ದದ್ದು ಚಪ್ಪರ: ಪ್ಯಾನೆಲ್ಲು ಕರೆಂಟೂ ಕೊಡುತ್ತೆ, ಛಾವಣಿಗೆ ನೆರಳೂ ಕೊಡುತ್ತೆ. 14 ವರ್ಷ ಪ್ಯಾನೆಲ್ ಹಾಕಿದ್ದೀನಿ, ನೆರಳನ್ನ ಒಂದು ಸಲವೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಅಂದಹಾಗೆ, ತೆಹಖಾನಾ ಬಗ್ಗೆ ಯಾರೂ ಏನೂ ಹೇಳಲಿಲ್ಲ.

---

ಗಾರೆ ಗಚ್ಚು · ಮಾರ್ಚ್ 13, ಬೆಳಗ್ಗೆ 7:30

ಹಳೆಯ ಕಟ್ಟಡಗಳ ಸುಣ್ಣದ ಕೆಲಸ ಮಾಡಿಸುವವನು ನಾನು, ಕಲ್ಲುಗೋಡೆಗೆ ಸಿಮೆಂಟಿಗಿಂತ ಸುಣ್ಣವೇ ಸರಿ ಎನ್ನುವವನು. ತೆಹಖಾನಾಕ್ಕೆ ಆಸೆ ಪಡುವ ಮೊದಲು ಸೈಟಿನ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಎಷ್ಟು ಆಳಕ್ಕಿದೆ ನೋಡಿ. ಮರುಭೂಮಿಯಲ್ಲಿ ನೆಲದಡಿ ಒಣಗಿರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಜೋಧ್‌ಪುರದಲ್ಲಿ ಅದು ತಲೆಕೆಳಗಾಗಿದೆ. ಇಂದಿರಾ ಗಾಂಧಿ ಕಾಲುವೆಯ ನೀರು ಲಿಫ್ಟ್ ಕಾಲುವೆಯಲ್ಲಿ ಊರಿಗೆ ಬಂದ ಮೇಲೆ ಹಳೆಯ ಬಾವಿ, ಝಾಲರಾಗಳನ್ನು (ಮೆಟ್ಟಿಲು ಬಾವಿಗಳನ್ನು) ಜನ ಸೇದುವುದು ಬಿಟ್ಟರು, ಅಂತರ್ಜಲ ಏರಿತು, ಹಳೆಯ ಪೇಟೆಯ ನೆಲಮಾಳಿಗೆಗಳಿಗೆ ನೀರು ನುಗ್ಗಿತು.

ಜೈಸಲ್ಮೇರ್ ಕೋಟೆಯ ಕತೆ ಇನ್ನೂ ಕಠೋರ. 1156ರಲ್ಲಿ ಕಟ್ಟಲು ಶುರುಮಾಡಿದ ಕೋಟೆ, ಇಂದಿಗೂ ಜನ ಒಳಗೆ ವಾಸವಿದ್ದಾರೆ. ಕೊಡದಲ್ಲಿ ನೀರು ಹೊರುತ್ತಿದ್ದಷ್ಟು ಕಾಲ ಏನೂ ಆಗಲಿಲ್ಲ. ನಲ್ಲಿ ಬಂತು, ಕಮೋಡು ಬಂತು, ಅತಿಥಿಗೃಹಗಳು ಬಂದವು. ಚರಂಡಿ ಸೋರಿದ ನೀರು ಕೋಟೆಯಡಿಯ ಮೆತ್ತನೆಯ ಪದರಕ್ಕೆ ಇಳಿಯಿತು. 1990ರ ದಶಕದ ಕೊನೆಯ ಹೊತ್ತಿಗೆ ಬುರುಜುಗಳೇ ಕುಸಿದವು. ಫಿರಂಗಿಗೆ ಬಗ್ಗದ ಗೋಡೆ ಬಚ್ಚಲ ನೀರಿಗೆ ಬಗ್ಗಿತು.

ಈಜಿಪ್ಟಿನಲ್ಲೂ ಇದೇ. ಹಸನ್ ಫಥಿ 1940ರ ದಶಕದಲ್ಲಿ ಲಕ್ಸರ್ ಎದುರು ಹೊಸ ಗುರ್ನಾ ಎಂಬ ಊರನ್ನೇ ಹಸಿ ಇಟ್ಟಿಗೆ, ಕಮಾನು, ಗುಮ್ಮಟಗಳಲ್ಲಿ ಕಟ್ಟಿದ. ಯಾರಿಗಾಗಿ ಕಟ್ಟಿದನೋ ಅವರಲ್ಲಿ ಹೆಚ್ಚಿನವರು ಬರಲಿಲ್ಲ, ಅದು ಬೇರೆ ಮಾತು. ಆಸ್ವಾನ್ ಅಣೆಕಟ್ಟಾದ ಮೇಲೆ ಅಲ್ಲೂ ಅಂತರ್ಜಲ ಏರಿ, ಉಪ್ಪು ಗೋಡೆ ಹತ್ತಿ, ಮಣ್ಣು ಉದುರಿತು.

ನೀವು ಇಷ್ಟು ದಿನ ಶಾಖದ ಬಗ್ಗೆ ಚರ್ಚಿಸಿದ್ದೀರಿ. ನಿಮ್ಮ ಪ್ಲಾನಿನಲ್ಲಿ ಸ್ನಾನದ ಮನೆ ಎಷ್ಟಿವೆ?

---

ಮರಳಲ್ಲಿ ಹಾಸನ · ಮಾರ್ಚ್ 13, ಬೆಳಗ್ಗೆ 8:05

ಐದು. 🙈

---

ಉಡುಪಿ ಟು ದುಬೈ · ಮಾರ್ಚ್ 13, ಬೆಳಗ್ಗೆ 9:14

ಇದಕ್ಕೆ ಇನ್ನೊಂದು ಸೇರಿಸಿ. ಈಜಿಪ್ಟಿನ ಸೀವಾ ಓಯಸಿಸ್‌ನಲ್ಲಿ ಉಪ್ಪುಗಟ್ಟೆ ಮತ್ತು ಮಣ್ಣು ಸೇರಿಸಿ ಊರು ಕಟ್ಟಿದ್ದರು, ಶತಮಾನಗಟ್ಟಲೆ ನಿಂತಿತ್ತು. 1926ರಲ್ಲಿ ಮೂರು ದಿನ ಮಳೆ ಬಂತು. ಊರು ಕರಗಿತು. ನಮ್ಮ ಉಡುಪಿಯಲ್ಲಿ ಮೂರು ದಿನ ಮಳೆ ಅಂದ್ರೆ ಶಾಲೆಗೆ ರಜೆಯೂ ಸಿಗುವುದಿಲ್ಲ.

---

ಕಂಬ ತೊಲೆ · ಮಾರ್ಚ್ 13, ರಾತ್ರಿ 10:50

ರಾಜಸ್ಥಾನದಲ್ಲೇ ಆಗಿದೆ. 2006ರ ಆಗಸ್ಟಿನಲ್ಲಿ ಬಾರ್ಮೇರ್ ಜಿಲ್ಲೆಯಲ್ಲಿ ನೆರೆ. ಕವಾಸ್ ಹಳ್ಳಿಯಲ್ಲಿ ನೆಲದಡಿ ಜಿಪ್ಸಮ್ ಪದರ ಇದ್ದದ್ದರಿಂದ ನೀರು ಇಂಗದೆ ತಿಂಗಳುಗಟ್ಟಲೆ ನಿಂತಿತು. ಮಣ್ಣಿನ ಮನೆಗಳು ಕರಗಿ ಹೋದವು. ಆಮೇಲೆ ಸೀಡ್ಸ್ ಎಂಬ ಸಂಸ್ಥೆ 15 ಹಳ್ಳಿಗಳಲ್ಲಿ 300 ಮನೆ ಕಟ್ಟಿಕೊಟ್ಟಿತು. ಆಕಾರ ಅಲ್ಲಿನ ಹಳೆಯ ಜೋಂಪೆ ಗುಡಿಸಲಿನದೇ, ದುಂಡಗೆ. ಆದರೆ ಗೋಡೆಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ದುಂಡು ಗೋಡೆ ಗಾಳಿಗೂ ಭೂಕಂಪಕ್ಕೂ ಗಟ್ಟಿ ಎಂಬುದನ್ನು 2001ರ ಭೂಕಂಪದಲ್ಲಿ ಕಛ್‌ನ ಭುಂಗಾಗಳು (ದುಂಡು ಮನೆಗಳು) ತೋರಿಸಿಕೊಟ್ಟಿದ್ದವು.

ನಾವು ಬೆಂಗಳೂರಿನವರು ಇಲ್ಲಿ ಸ್ವಲ್ಪ ಕಾಲರ್ ಎತ್ತಬಹುದು. ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೆಲಸ ನಡೆದದ್ದು ಟಾಟಾ ಇನ್‌ಸ್ಟಿಟ್ಯೂಟ್‌ನ (ಭಾರತೀಯ ವಿಜ್ಞಾನ ಸಂಸ್ಥೆಯ) ಅಸ್ತ್ರ ವಿಭಾಗದಲ್ಲಿ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರುಮಾಡಿದ್ದು, ಕೆ.ಎಸ್. ಜಗದೀಶ್ ಮತ್ತವರ ಜೊತೆಗಾರರು ಬೆಳೆಸಿದ್ದು. ಈಗ ಬೇರೆ ಹೆಸರಿನಲ್ಲಿ ನಡೆಯುತ್ತಿದೆ.

---

ಸೇಡಂ ರೋಡ್ · ಮಾರ್ಚ್ 14, ಬೆಳಗ್ಗೆ 6:40

ಎಲ್ಲಾ ಛೊಲೊ ಅದ. ಆದ್ರ ಸುಣ್ಣ ಸುಣ್ಣ ಅಂತ ಹೇಳೋರಿಗೆ ಒಂದು ಮಾತ. ಗಚ್ಚು ಅರಿಯೋ ಗಾಣ ಎಲ್ಲದ? ಮಾಡೋ ಮಂದಿ ಎಲ್ಲರ? ಮಾಲಕರಿಗೆ ಆರು ತಿಂಗಳದಾಗ ಗೃಹಪ್ರವೇಶ ಬೇಕು. ಸುಣ್ಣಕ್ಕ ಬರೇ ಕ್ಯೂರಿಂಗ್ ಮಾಡ್ಕೊಂತ ಕುಂತ್ರ ನನ್ನ ಸೆಂಟ್ರಿಂಗ್ ಹುಡುಗರಿಗೆ ಪಗಾರ ಯಾರು ಕೊಡ್ತಾರ?

---

ಗಾರೆ ಗಚ್ಚು · ಮಾರ್ಚ್ 14, ಬೆಳಗ್ಗೆ 9:00

ಕಲಬುರಗಿಯ ಕೋಟೆಯನ್ನೇ ಗಚ್ಚಿನಲ್ಲಿ ಕಟ್ಟಿದ ಊರಿನವರು ಈ ಮಾತು ಹೇಳಬಾರದು ಸ್ವಾಮಿ. ಜೋಧ್‌ಪುರದಲ್ಲಿ ಸುಣ್ಣ ಬಲ್ಲ ಮೇಸ್ತ್ರಿಗಳು ಇದ್ದಾರೆ, ಚೇಜಾರಾ ಅನ್ನುತ್ತಾರೆ. ಬೆಲ್ಲ, ಮೆಂತ್ಯ, ಗುಗ್ಗುಳ ಹಾಕಿ ಗಾರೆ ಕಟ್ಟುತ್ತಾರೆ. ನಮ್ಮ ಕಡೆ ಬೆಲ್ಲ, ಅಳಲೆಕಾಯಿ ಹಾಕಿದ ಹಾಗೆ.

ಮರಳುಕಲ್ಲಿಗೆ ಸಿಮೆಂಟ್ ಹಾಕಿದರೆ ಏನಾಗುತ್ತದೆ ಎಂದು ಹೇಳುತ್ತೇನೆ. ಸಿಮೆಂಟ್ ಉಸಿರಾಡುವುದಿಲ್ಲ. ಗೋಡೆಯೊಳಗಿನ ತೇವ ಸಂದಿಯಲ್ಲಿ ಹೊರಬರಲಾಗದೆ ಕಲ್ಲಿನ ಮೈಯಿಂದಲೇ ಹೊರಬರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಉಪ್ಪು ಹರಳುಗಟ್ಟಿ ಕಲ್ಲಿನ ಚರ್ಮ ಹಪ್ಪಳದಂತೆ ಎದ್ದು ಬರುತ್ತದೆ. ನೆಲದಿಂದ ಮೂರಡಿವರೆಗೆ ಉಗುರಿನಲ್ಲಿ ಕೆರೆದರೆ ಪುಡಿ ಉದುರುವ ಮನೆಗಳನ್ನು ನೀವೇ ನೋಡಿರುತ್ತೀರಿ. ಉಳಿಯಬೇಕಾದ್ದು ಕಲ್ಲು, ಸವೆಯಬೇಕಾದ್ದು ಗಾರೆ.

ಲೂ ಎಂಬ ಒಣ ಬಿಸಿಗಾಳಿ ಬೀಸುವ ಏಪ್ರಿಲ್‌–ಜೂನ್‌ನಲ್ಲಿ ಮಾತ್ರ ಸುಣ್ಣದ ಗಿಲಾವಿಗೆ ಕೈ ಹಾಕಬೇಡಿ. ಗಟ್ಟಿಯಾಗುವ ಮೊದಲೇ ಒಣಗಿ ಬಿರಿಯುತ್ತದೆ. ಮಳೆಗಾಲ ಮುಗಿದ ಮೇಲೆ, ಒದ್ದೆ ಗೋಣಿ ಇಳಿಬಿಟ್ಟು ಮಾಡಿಸಿ.

---

ಸೇಡಂ ರೋಡ್ · ಮಾರ್ಚ್ 14, ಬೆಳಗ್ಗೆ 9:22

ಹಪ್ಪಳದ ಮಾತ ಖರೇ ಅದ. ನಾನೇ ಒಂದು ಗುಡಿಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿ ಬೈಸ್ಕೊಂಡೀನಿ. ಪಗಾರದ ಮಾತಿಗೆ ಮಾತ್ರ ಇನ್ನಾ ಉತ್ತರ ಬಂದಿಲ್ಲ.

---

ಇಳಕಲ್ಲಿನ ಮಗ · ಮಾರ್ಚ್ 15, ರಾತ್ರಿ 11:58

ಕಲ್ಲು ಕಲ್ಲು ಅಂತ ಇಷ್ಟ ಮಾತಾಡಿದ್ರಿ, ಅದನ್ನ ಒಡಿಯೋರ ಸುದ್ದಿ ಒಬ್ಬರೂ ತಗೀಲಿಲ್ಲ. ಜೋಧ್‌ಪುರದ ಮರಳುಕಲ್ಲು ಅಂದ್ರ ಸಿಲಿಕಾ. ಒಣ ಕಲ್ಲು ಕೊರದಾಗ ಏಳೋ ಧೂಳು ಪುಪ್ಪುಸಕ್ಕ ಹೋದ್ರ ಸಿಲಿಕೋಸಿಸ್, ಅದಕ್ಕ ಗುಣ ಅನ್ನೋದು ಇಲ್ಲ. ರಾಜಸ್ಥಾನ ಸರ್ಕಾರ 2019ರಾಗ ಅದಕ್ಕಂತನ ಒಂದು ನೀತಿ ಮಾಡೇತಿ, ಅಂದ್ರ ತಿಳ್ಕೋರಿ ಎಷ್ಟು ಮಂದಿಗೆ ಐತಿ ಅಂತ. ನಮ್ಮಪ್ಪ ಗ್ರಾನೈಟ್ ಪಾಲಿಶ್ ಕೆಲಸ ಮಾಡಿದಾಂವ. ಆ ಕೆಮ್ಮು ನನಗ ಗೊತ್ತು.

ಕಲ್ಲು ಬ್ಯಾಡ ಅನ್ನಾಂಗಿಲ್ಲ ನಾನು. ನಿಮ್ಮ ಸೈಟಿನ್ಯಾಗ ಕೊರಿಯೋವಾಗ ನೀರು ಹಾಕಿ ಕೊರೀಲಿ, ಮಾಸ್ಕ್ ಕೊಡ್ರಿ. ಪರಿಸರಸ್ನೇಹಿ ಮನಿ ಅಂತ ಬೋರ್ಡ್ ಹಾಕೋಕಿಂತ ಮೊದಲು ಅಷ್ಟು ಮಾಡ್ರಿ.

---

ನಿರ್ವಾಹಕ · ಮಾರ್ಚ್ 16, ಬೆಳಗ್ಗೆ 8:00

ಮೇಲಿನ ಬರಹಕ್ಕೆ ಬಂದ ಎರಡು ಅಸಭ್ಯ ಪ್ರತಿಕ್ರಿಯೆ ತೆಗೆದಿದ್ದೇವೆ. ವಿಷಯದ ಮೇಲಿರಲಿ.

---

ಮರಳಲ್ಲಿ ಹಾಸನ · ಮಾರ್ಚ್ 16, ರಾತ್ರಿ 9:45

ಇಳಕಲ್ ಅಣ್ಣಾ, ನೀವು ಹೇಳಿದ್ದು ಓದಿ ಆ ದಿನ ಬೇರೇನೂ ಬರೆಯೋಕಾಗಲಿಲ್ಲ. ಕೊರೆಯೋ ಕೆಲಸಕ್ಕೆ ನೀರಿನ ಪೈಪಿರೋ ಮಿಷನ್ನೇ ಬೇಕು ಅಂತ ಒಪ್ಪಂದದಲ್ಲಿ ಬರೆಸ್ತೀನಿ.

ತೆಹಖಾನಾ ಕೈಬಿಟ್ಟೆ. ಪಕ್ಕದ ಬಾವಿ ಇಣುಕಿ ನೋಡಿದೆ, ನೀರು 20 ಅಡಿಗೇ ಸಿಕ್ತು. ಮಾವನಿಗೆ ಬೇಜಾರಾಯ್ತು, ಅವರಿಗೆ ಅಲ್ಲೊಂದು ಹೋಮ್ ಥಿಯೇಟರ್ ಬೇಕಿತ್ತು.

ಇನ್ನು ಕೂಲರ್ ವಿಷಯ. ಮೇ ತಿಂಗಳ ಒಣ ಹವೆಗೆ ಕೂಲರ್ ಸಾಕು ಅಂತ ಮಾವ, ಬೇಡ ಎಸಿ ಇರಲಿ ಅಂತ ಹೆಂಡತಿ. ಅಕ್ಕಾ, ತೀರ್ಪು ಕೊಡಿ.

---

ಕಂಬ ತೊಲೆ · ಮಾರ್ಚ್ 17, ಬೆಳಗ್ಗೆ 7:20

ಇಬ್ಬರದೂ ಸರಿ, ತಿಂಗಳು ಬೇರೆ. ಮೇನಲ್ಲಿ ಹೊರಗೆ 42 ಡಿಗ್ರಿ, ತೇವಾಂಶ ಶೇಕಡಾ 15 ಇದ್ದಾಗ ಒಳ್ಳೆ ಕೂಲರ್ 26–27ರ ಗಾಳಿ ಕೊಡಬಲ್ಲದು. ಜುಲೈನಲ್ಲಿ ಹೊರಗೆ 34, ತೇವಾಂಶ 65 ಆದಾಗ ಅದೇ ಕೂಲರ್ 29–30ಕ್ಕಿಂತ ಕೆಳಗಿಳಿಯದು, ಮೇಲೆ ಮೈಯೆಲ್ಲ ಅಂಟಂಟು. ಮಲಗುವ ಎರಡು ಕೋಣೆಗೆ ಎಸಿ, ಹಗಲಿನ ಕೋಣೆಗೆ ಕೂಲರ್. ಆದರೆ ಕೂಲರ್ ಕುಡಿಯುವ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಊರಿಗೆ ಆ ನೀರು ಹಿಮಾಲಯದ ನದಿಗಳಿಂದ ಬರುತ್ತಿದೆ.

ಟಾಂಕಾ, ಅಂದರೆ ಮಳೆನೀರು ಕೂಡಿಡುವ ನೆಲದಡಿಯ ತೊಟ್ಟಿ, ಇದೆಯೇ ಪ್ಲಾನಿನಲ್ಲಿ? ಜೋಧ್‌ಪುರಕ್ಕೆ ವರ್ಷಕ್ಕೆ ಸರಾಸರಿ ಸುಮಾರು 360 ಮಿಲಿಮೀಟರ್ ಮಳೆ. 1000 ಚದರಡಿ ಛಾವಣಿಗೆ ಬೀಳುವುದು 33,000 ಲೀಟರ್ ಚಿಲ್ಲರೆ. ಸೋರಿಕೆ, ಮೊದಲ ಮಳೆ ಬಿಟ್ಟದ್ದು ಕಳೆದರೂ 26,000 ಕೈಗೆ ಸಿಗುತ್ತದೆ. ಐದು ಜನಕ್ಕೆ ಕುಡಿಯಲು, ಅಡುಗೆಗೆ ತಲಾ ದಿನಕ್ಕೆ 10 ಲೀಟರ್ ಅಂದರೆ ವರ್ಷಕ್ಕೆ 18,250. ಸಾಕಾಗಿ ಮಿಗುತ್ತದೆ. ನಿಮ್ಮ ಊರಿನ ಕಾಜ್ರಿ (ಒಣಭೂಮಿ ಸಂಶೋಧನಾ) ಸಂಸ್ಥೆಯವರು ಹಳೆ ಟಾಂಕಾವನ್ನೇ ಸುಧಾರಿಸಿ 21,000 ಲೀಟರಿನ ಮಾದರಿ ಮಾಡಿದ್ದಾರೆ, ವಿಚಾರಿಸಿ. ಬಾವಿ ನೀರು 20 ಅಡಿಗೇ ಇದೆ ಅಂದಿರಲ್ಲ, ಟಾಂಕಾದ ತಳ ಅದಕ್ಕಿಂತ ಸಾಕಷ್ಟು ಮೇಲಿರಲಿ.

---

ಮರಳಲ್ಲಿ ಹಾಸನ · ಮೇ 24, ಸಂಜೆ 4:30

ಸಣ್ಣ ಅಪ್‌ಡೇಟ್. ಹಳೇ ಮನೇಲಿ ಒಂದು, ನಮ್ಮ ಬಾಡಿಗೆ ಮನೇಲಿ ಒಂದು ಥರ್ಮಾಮೀಟರ್ ಇಟ್ಟಿದ್ದೆ. ಈಗ ಹೊರಗೆ 44. ಹಳೇ ಮನೆ ಒಳಕೋಣೆ 34, ಫ್ಯಾನ್ ಮಾತ್ರ. ಬಾಡಿಗೆ ಮನೆ ಹಾಲ್, ಎಸಿ ಆರಿಸಿದಾಗ, 39. ನಿನ್ನೆ ರಾತ್ರಿ ಒಂದು ಗಂಟೆಗೆ ಎದ್ದು ನೋಡಿದೆ: ಹೊರಗೆ 30, ಹಳೇ ಮನೆ ಒಳಗೆ ಇನ್ನೂ 34! ಅಕ್ಕ ಹೇಳಿದ್ದು ಅಕ್ಷರಶಃ. ಛತ್ ಮೇಲೆ ದಾದಿಸಾ ಗೊರಕೆ ಹೊಡೀತಿದ್ರು.

ಹೊಸ ಆರ್ಕಿಟೆಕ್ಟ್ ಸಿಕ್ಕಿದಾರೆ. ಸ್ನಾನದ ಮನೆ ಐದರಿಂದ ಮೂರಕ್ಕೆ ಇಳಿದಿದೆ, ಮೂರೂ ಪಶ್ಚಿಮಕ್ಕೆ ಒಂದರ ಮೇಲೊಂದು, ಪೈಪೆಲ್ಲ ಹೊರಗಿನ ಒಂದೇ ಸಂದಿನಲ್ಲಿ. ಎಲ್ಲಾದ್ರೂ ಸೋರಿದರೆ ಕಣ್ಣಿಗೆ ಕಾಣಬೇಕು ಅಂತ. ಚೌಕ್ 10 ಅಡಿ, 12 ಅಡಿ. ಗಾಜು ಹೋಯ್ತು. ಛತ್ರಿ ಮಾತ್ರ ಮಾವ ಬಿಡ್ತಿಲ್ಲ.

---

ಉಡುಪಿ ಟು ದುಬೈ · ಮೇ 24, ಸಂಜೆ 6:00

ಛತ್ರಿ ಇರ್ಲಿ ಮಾರಾಯ್ರೆ. ಅದರ ಕೆಳಗೆ ನೀರಿನ ಟ್ಯಾಂಕ್ ಇಡಿ, ನೆರಳಿಗಾಯ್ತು.

---

ಮರಳಲ್ಲಿ ಹಾಸನ · ಮರುವರ್ಷ, ಜುಲೈ 21, ರಾತ್ರಿ 8:40

ಉಡುಪಿಯವರೇ, ಹಾಗೇ ಮಾಡಿದ್ವಿ. ಸ್ನಾನಕ್ಕೆ ಈಗ ಕುದಿಯೋ ನೀರು ಬರಲ್ಲ.

ಬಂದು ಸೇರಿ ಮೂರು ತಿಂಗಳಾಯ್ತು. ಛಾವಣಿಗೆ ಪಟ್ಟಿ, ಮೇಲೆ ಬ್ಯಾಂಡು, ಮೆಶ್ಶು, ಕೆಳ ಅಂತಸ್ತಿನ ಮೇಲೆ ಮಡಕೆ ಪದರ, ಮಲಗೋ ಕೋಣೆ ಮೇಲೆ ಫೋಮ್. ಎಡವಟ್ಟು ಆಗಿಲ್ಲ ಅಂತಲ್ಲ. ಹಿಂದಿನ ಗೋಡೆಗೆ ಮೇಸ್ತ್ರಿ ನಾನಿಲ್ಲದಾಗ ಬೋರ್‌ವೆಲ್ಲಿನ ಸವಳು ನೀರಲ್ಲೇ ಗಾರೆ ಕಲಸಿಬಿಟ್ಟಿದ್ದ, ಎರಡು ತಿಂಗಳಿಗೇ ಬೆಳ್ಳಗೆ ಉಪ್ಪು ಹೂ ಬಿಟ್ಟಿತು. ಅಷ್ಟುದ್ದ ಸಂದಿ ಕೆರೆಸಿ ಮತ್ತೆ ಮಾಡಿಸಿದೆ. ಆ ಗೋಡೆ ನೋಡಿದಾಗೆಲ್ಲ ಗಚ್ಚಿನ ಗುರುಗಳ ಹಪ್ಪಳ ನೆನಪಾಗುತ್ತೆ. ಸುಣ್ಣದ ಕೆಲಸಕ್ಕೆ ಒಟ್ಟು ಎರಡೂವರೆ ತಿಂಗಳು ಜಾಸ್ತಿ ಹಿಡೀತು, ಸೇಡಂ ಅಣ್ಣನ ಪಗಾರದ ಪ್ರಶ್ನೆಗೆ ಉತ್ತರ ನನ್ನ ಜೇಬೇ.

ಮೇ ತಿಂಗಳ ಮಧ್ಯಾಹ್ನ ಎಲ್ಲರೂ ಕೆಳಗಿನ ಉತ್ತರದ ಕೋಣೆಯಲ್ಲೇ ಇದ್ದೆವು. ಬೆಳಗ್ಗೆ ಎಂಟಕ್ಕೆ ಕಿಟಕಿ ಮುಚ್ಚೋದು, ರಾತ್ರಿ ಒಂಬತ್ತಕ್ಕೆ ತೆಗೆಯೋದು ಮಕ್ಕಳ ಕೆಲಸ. ಮರೆತ ದಿನ ಮನೆ ಮರುದಿನದವರೆಗೂ ಕೋಪ ಮಾಡ್ಕೊಂಡಿರುತ್ತೆ.

ಹೋದ ವಾರ ಮೊದಲ ದೊಡ್ಡ ಮಳೆ. ಮೊದಲ ನೀರು ಹೊರಗೆ ಬಿಟ್ಟು ಆಮೇಲೆ ಟಾಂಕಾಕ್ಕೆ ತಿರುಗಿಸಿದ್ವಿ. ಕೋಲು ಇಳಿಸಿ ನೋಡಿದರೆ ಎರಡೂಕಾಲು ಅಡಿ ನಿಂತಿದೆ. ದಾದಿಸಾ ಮುಚ್ಚಳದ ಪಕ್ಕದಲ್ಲೇ ಕುರ್ಚಿ ಹಾಕಿಸ್ಕೊಂಡು ಕೂತಿದ್ರು, ಬೀಗ ತನ್ನಿ ಅಂದ್ರು. ಟಾಂಕಾಕ್ಕೆ ಬೀಗ ಹಾಕದ ಮನೆಗೆ ಅವರ ಕಾಲದಲ್ಲಿ ಹೆಣ್ಣೇ ಕೊಡ್ತಿರಲಿಲ್ಲವಂತೆ. ಮುಚ್ಚಳಕ್ಕೆ ನಾನು ಕೊಂಡಿಯನ್ನೇ ಇಡಿಸಿಲ್ಲ. ಕಂಬ ತೊಲೆ ಅಕ್ಕಾ, ಹೊಯ್ದ ಕಾಂಕ್ರೀಟ್ ಮುಚ್ಚಳಕ್ಕೆ ಈಗ ಕೊರೆದು ಚಿಲಕ ಕೂರಿಸಬಹುದಾ, ಬಿರುಕು ಬಿಡುತ್ತಾ?

---

ಕಂಬ ತೊಲೆ · ಜುಲೈ 21, ರಾತ್ರಿ 9:10

ಕೊರೆಯಿರಿ, ಅಂಚಿನಿಂದ 4 ಇಂಚು ಒಳಗೆ. ನೀರು ಹಾಕಿ ಕೊರೆಯಿರಿ. ಧೂಳು ಟಾಂಕಾಕ್ಕೆ ಬೀಳದ ಹಾಗೆ ಮೊದಲು ಮುಚ್ಚಳ ಪಕ್ಕಕ್ಕೆ ಇಡಿಸಿ, ಟಾಂಕಾದ ಬಾಯಿಗೆ ಬಟ್ಟೆ ಕಟ್ಟಿ. ಹಿತ್ತಾಳೆ ಬೀಗ ತನ್ನಿ, ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ತುಕ್ಕು.